ಯಾರೂ ಇಲ್ಲ ಎಂಬ ಪತ್ರ

ಮೂವತ್ತು ವರ್ಷಗಳಿಂದ ಮಕ್ಕಳಿಗೆ ಪತ್ರಲೇಖನ ಕಲಿಸುತ್ತಾ ಬಂದವಳು ನಾನು. ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ, ಪ್ರವಾಸಕ್ಕೆ ಹಣ ಕೇಳಿ ತಂದೆಗೆ, ಬೀದಿದೀಪ ಕೆಟ್ಟಿದೆಯೆಂದು ಪಂಚಾಯಿತಿಗೆ ಬರೆಯುವ ಪತ್ರಗಳು. ಇಲ್ಲಿ ದಿನಾಂಕ ಹಾಕಿ, ಇಲ್ಲಿ ವಿಷಯ ಬರೆಯಿರಿ, ಕೊನೆಗೆ ‘ತಮ್ಮ ವಿಧೇಯ’ ಎಂದು ಸೇರಿಸಿ ಎಂದು ಕರಿಹಲಗೆಯ ಮೇಲೆ ಬರೆಯುವಾಗ ನನ್ನ ಕೈ ಎಂದೂ ತಡೆದದ್ದಿಲ್ಲ. ಆದರೆ 2017ರ ಡಿಸೆಂಬರಿನಲ್ಲಿ ನಾನೇ ಬರೆಯಬೇಕಾಗಿ ಬಂದ ಒಂದು ಪುಟದ ಪತ್ರ ನಾಲ್ಕು ರಾತ್ರಿ ನನ್ನ ನಿದ್ದೆ ಕಿತ್ತುಕೊಂಡಿತು. ಇಂದಿಗೂ ಆ ಪತ್ರ ಸರಿಯೋ ತಪ್ಪೋ ಎಂದು ನನಗೆ ನಾನೇ ಕೇಳಿಕೊಳ್ಳುತ್ತಿದ್ದೇನೆ. ಓದುವವರಲ್ಲಿ ಅನೇಕರ ಮಕ್ಕಳು ಹೊರದೇಶದಲ್ಲಿದ್ದಾರೆ. ಆದ್ದರಿಂದ ನಿಮ್ಮ ಮುಂದೆಯೂ ಅದನ್ನು ಇಡಬೇಕೆನಿಸಿತು.

ಪತ್ರ ಕೇಳಿದವನು ನನ್ನ ದೊಡ್ಡವ್ವನ ಮಗ. ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಅವರಿಗೆ ಒಬ್ಬನೇ ಮಗ. ನನಗಿಂತ ಮೂರು ವರ್ಷಕ್ಕೆ ದೊಡ್ಡವನಾದ ಅವನನ್ನು ನಾನು ಅಣ್ಣ ಎಂದೇ ಕರೆಯುವುದು. ವೈದ್ಯನಾಗಿ 1996ರಲ್ಲಿ ಇಂಗ್ಲೆಂಡಿಗೆ ಹೋದವನು ಅಲ್ಲೇ ನಿಂತ, ಅಲ್ಲಿಯ ಪೌರನಾದ. ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ದೊಡ್ಡಪ್ಪ 2013ರಲ್ಲಿ ತೀರಿಕೊಂಡ ಮೇಲೆ, ವಿರಾಜಪೇಟೆಯಿಂದ ಒಂಬತ್ತು ಕಿಲೋಮೀಟರ್ ದೂರದ ಕಾಫಿ ತೋಟದ ನಡುವಿನ ಮನೆಯಲ್ಲಿ ದೊಡ್ಡವ್ವ ಒಬ್ಬರೇ ಆದರು. ಐನ್‌ಮನೆ ಅಲ್ಲಿಂದ ಕೂಗಳತೆಯ ದೂರ. ಪುತ್ತರಿಗೆ, ಕಾರಣರಿಗೆ ಎಡೆಯಿಡುವ ದಿನಕ್ಕೆ ಒಕ್ಕದವರೆಲ್ಲ ಅಲ್ಲಿ ಸೇರುತ್ತಾರೆ. ಆ ದಿನ ಮನೆ ತುಂಬ ಜನ. ಮಾರನೆಯ ದಿನ ಕಾರುಗಳೆಲ್ಲ ಮೈಸೂರು, ಬೆಂಗಳೂರಿನ ದಾರಿ ಹಿಡಿದರೆ ದೊಡ್ಡವ್ವ ಮತ್ತೆ ಒಬ್ಬರೇ.

ಇದು ನಮ್ಮ ಮನೆಯೊಂದರ ಕತೆಯಲ್ಲ. 2001ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,48,561. ಹತ್ತು ವರ್ಷ ಕಳೆದು 2011ರಲ್ಲಿ ಅದು 5,54,519. ಒಂದು ಇಡೀ ಜಿಲ್ಲೆಗೆ ಹತ್ತು ವರ್ಷದಲ್ಲಿ ಆರು ಸಾವಿರ ಜನವೂ ಹೆಚ್ಚಲಿಲ್ಲ. ಮಕ್ಕಳು ಓದಿ ಹೊರಗೆ ಹೋಗುತ್ತಾರೆ. ತೋಟ, ಮನೆ, ನಾಯಿ, ಕೋವಿ, ಅಪ್ಪ, ಅವ್ವ ಇಲ್ಲಿ ಉಳಿಯುತ್ತಾರೆ. ನಮ್ಮ ಶಾಲೆಯ ಬುದ್ಧಿವಂತ ಮಕ್ಕಳಿಗೆಲ್ಲ ‘ಚೆನ್ನಾಗಿ ಓದಿ ಮುಂದೆ ಹೋಗಿ’ ಎಂದು ಹೇಳಿ ಕಳಿಸಿದವಳು ನಾನೇ. ‘ಮುಂದೆ’ ಎಂದರೆ ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿಸಿ ದೊಡ್ಡವ್ವನ ಮನೆಗೆ ಹೋಗುವುದು ನನ್ನ ರೂಢಿಯಾಗಿತ್ತು. ವಾರದ ಮಾತ್ರೆಗಳನ್ನು ದಿನಕ್ಕಿಷ್ಟು ಎಂದು ಡಬ್ಬಿಗೆ ಹಾಕುವುದು, ಕರೆಂಟ್ ಬಿಲ್ ನೋಡುವುದು, ತಲೆಗೆ ಎಣ್ಣೆ ಹಚ್ಚುವುದು, ಅಣ್ಣನಿಗೆ ಫೋನ್ ಮಾಡಿ ಮುಖ ತೋರಿಸುವುದು, ಇಷ್ಟೇ ನನ್ನ ಕೆಲಸ. ರಾತ್ರಿ ಜೊತೆಗೆ ಮಲಗಲು ತೋಟದ ಲೈನ್‌ಮನೆಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಗಂಡನೊಂದಿಗೆ ಅಸ್ಸಾಮಿನಿಂದ ಕೆಲಸಕ್ಕೆ ಬಂದವಳು. ಅವಳಿಗೆ ಕೊಡವ ತಕ್ಕ್ ಬಾರದು, ದೊಡ್ಡವ್ವನಿಗೆ ಹಿಂದಿ ಬಾರದು. ಆದರೂ ಇಬ್ಬರೂ ಒಲೆಯ ಮುಂದೆ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಆ ವರ್ಷ ದೊಡ್ಡವ್ವ ಬಚ್ಚಲಲ್ಲಿ ಎರಡು ಸಲ ಬಿದ್ದರು. ಎರಡನೆಯ ಸಲ ಬಲತೋಳು ಮುರಿಯಿತು. ಬಂದು ಹದಿನೈದು ದಿನ ಇದ್ದು ಹೋದ ಅಣ್ಣ, ‘ಇನ್ನು ಅವ್ವನನ್ನು ಇಲ್ಲಿ ಬಿಡಲಾರೆ. ನಾನು ದಿನವೂ ಪರರ ಅವ್ವಂದಿರ ನಾಡಿ ಹಿಡಿಯುತ್ತೇನೆ, ನನ್ನ ಅವ್ವ ಬಿದ್ದದ್ದು ನನಗೆ ಮಾರನೆಯ ದಿನ ಗೊತ್ತಾಗುತ್ತದೆ’ ಎಂದ. ಕರೆದುಕೊಂಡು ಹೋಗಲು ಅರ್ಜಿ ಹಾಕಿದ. ಅದರ ಜೊತೆಗೆ ಇಡಲು ನನ್ನಿಂದ ಒಂದು ಪತ್ರ ಬೇಕು ಎಂದ. ‘ಏನೆಂದು ಬರೆಯಲಿ?’ ಎಂದೆ. ‘ಇದ್ದದ್ದೇ ಬರಿ. ಅವ್ವನನ್ನು ನೋಡಿಕೊಳ್ಳಲು ಅಲ್ಲಿ ಯಾರೂ ಇಲ್ಲವೆಂದು ಬರಿ.’

ಯಾರೂ ಇಲ್ಲ. ದೊಡ್ಡವ್ವನ ಕೂದಲಿನ ಎಣ್ಣೆ ಇನ್ನೂ ಅಂಗೈಯಲ್ಲಿದ್ದ ನಾನು ಆ ಮಾತನ್ನು ಬರೆಯಬೇಕಿತ್ತು.

ಅಣ್ಣ ಸುಮ್ಮನೆ ಹಾಗೆ ಕೇಳಿದ್ದಲ್ಲ. ಅಲ್ಲಿಯ ನಿಯಮ ಅವನಿಂದ ಹಾಗೆ ಕೇಳಿಸಿತು. ಹಿಂದೆ ಅಲ್ಲಿ 65 ದಾಟಿದ, ಮಕ್ಕಳ ಹಣವನ್ನೇ ನಂಬಿದ ತಂದೆತಾಯಿಯರು ಹೋಗಿ ನೆಲೆಸಲು ದಾರಿಯಿತ್ತು. 2012ರ ಜುಲೈ 9ರಿಂದ ಅದು ಬದಲಾಯಿತು. ಈಗಿನ ನಿಯಮದ ಪ್ರಕಾರ ಮುಪ್ಪಿನಿಂದಲೋ ಕಾಯಿಲೆಯಿಂದಲೋ ದಿನನಿತ್ಯದ ಕೆಲಸಗಳಿಗೇ ಇನ್ನೊಬ್ಬರ ಕೈ ಬೇಕು ಎಂಬ ಸ್ಥಿತಿ ಬಂದಿರಬೇಕು. ಆ ಆರೈಕೆ ಸ್ವಂತ ದೇಶದಲ್ಲಿ ಸಿಗುವಂತಿಲ್ಲ, ಅಥವಾ ಮಕ್ಕಳ ಹಣದ ಸಹಾಯವಿದ್ದರೂ ಕೈಗೆಟಕುವಂತಿಲ್ಲ ಎಂದು ತೋರಿಸಬೇಕು. ಮಗಳು, ತಂಗಿ, ಸೋದರಿಯ ಮಗಳು ಮಾತ್ರವಲ್ಲ, ಮನೆಗೆಲಸದವಳು ನೋಡಿಕೊಳ್ಳಬಲ್ಲಳಾದರೂ ಆರೈಕೆ ಸಿಗುತ್ತಿದೆ ಎಂದೇ ಲೆಕ್ಕ. ಜೊತೆಗೆ, ಐದು ವರ್ಷ ಸರಕಾರದ ನೆರವಿಗೆ ಕೈಚಾಚದೆ ಸಾಕುತ್ತೇನೆಂದು ಮಗ ಬರೆದುಕೊಡಬೇಕು. ಅರ್ಜಿಯ ಶುಲ್ಕವೇ ಮೂರು ಸಾವಿರ ಪೌಂಡಿಗೂ ಮಿಕ್ಕಿ. ತಿರಸ್ಕಾರವಾದರೆ ಅದು ಹಿಂದಿರುಗುವುದಿಲ್ಲ.

ಇದರ ಗಂಟು ಎಲ್ಲಿದೆ ನೋಡಿ. ಮಗ ಬಡವನಾದರೆ ಸಾಕಲಾರ ಎಂದು ಬೇಡ. ಅನುಕೂಲಸ್ಥನಾದರೆ ಊರಿಗೇ ಹಣ ಕಳಿಸಿ ಆಳಿಟ್ಟು ನೋಡಿಕೊಳ್ಳಲಿ, ಆದ್ದರಿಂದ ಬೇಡ. ತಾಯಿ ಗಟ್ಟಿಯಿದ್ದರೆ ಆರೈಕೆ ಬೇಕಿಲ್ಲ. ಹಾಸಿಗೆ ಹಿಡಿದರೆ ವಿಮಾನ ಹತ್ತುವುದು ಹೇಗೆ? ನೆರೆಹೊರೆಯವರು ಒಳ್ಳೆಯವರಾಗಿದ್ದರೆ ಅದೂ ಅಡ್ಡಿಯೇ. ಅಲ್ಲಿಯ ಆಸ್ಪತ್ರೆಗಳಲ್ಲಿ ದುಡಿಯುವ ಭಾರತ ಮೂಲದ ವೈದ್ಯರ ಸಂಘಗಳು ಈ ನಿಯಮ ಬದಲಿಸಿ ಎಂದು ಕೇಳುತ್ತಲೇ ಬಂದಿವೆ. ಬ್ರಿಟ್‌ಸಿಟ್ಸ್ ಎಂಬ ಸಂಘ ನ್ಯಾಯಾಲಯಕ್ಕೂ ಹೋಯಿತು. ನಿಯಮ ಕಠಿಣವಾದರೂ ಕಾನೂನಿಗೆ ವಿರುದ್ಧವಲ್ಲ ಎಂದು 2017ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಹೇಳಿತು.

ಅರ್ಜಿಗೆ ವೈದ್ಯರ ಪ್ರಮಾಣಪತ್ರವೂ ಬೇಕಿತ್ತು. ತಾನಾಗಿ ಸ್ನಾನ ಮಾಡಲಾರರು, ಉಡಲಾರರು, ಬೇಯಿಸಿಕೊಳ್ಳಲಾರರು ಎಂದು ಅದರಲ್ಲಿ ಇರಬೇಕು. ದೊಡ್ಡವ್ವನನ್ನು ತಪಾಸಣೆಗೆ ಕರೆದುಕೊಂಡು ಹೋದವಳು ನಾನು. ಬೆಳಿಗ್ಗೆ ಏಳಕ್ಕೆ ಮನೆಗೆ ಹೋದರೆ ಅವರು ಸಿದ್ಧವಾಗಿ ಕುರ್ಚಿಯಲ್ಲಿ ಕೂತಿದ್ದರು. ಕೊಡವ ರೀತಿಯಲ್ಲಿ ಹಿಂದಕ್ಕೆ ನೆರಿಗೆ ಹಿಡಿದು ಉಟ್ಟ ಕೆನೆಬಣ್ಣದ ಸೀರೆ, ಭುಜದಲ್ಲಿ ಪಿನ್ನು, ಕೂದಲು ಬಾಚಿ ಗಂಟು. ನೆಟ್ಟಗಾಗದ ತೋಳಿನಲ್ಲಿ ಅದನ್ನೆಲ್ಲ ಹೇಗೆ ಮಾಡಿಕೊಂಡಿರೆಂದು ಕೇಳಿದೆ. ‘ನಾಲ್ಕು ಗಂಟೆಗೇ ಎದ್ದೆ’ ಎಂದರು. ‘ಡಾಕ್ಟರ ಮುಂದೆ ಹೋಗುವಾಗ ಹೇಗೆ ಹೇಗೋ ಹೋಗಲಿಕ್ಕಾಗುತ್ತದೆಯೇ?’

ಡಾಕ್ಟರು ಪ್ರಾಮಾಣಿಕರು. ‘ಸೀರೆ ಯಾರು ಉಡಿಸಿದರು?’ ಎಂದು ಕೇಳಿದರು. ದೊಡ್ಡವ್ವ ತಲೆಯೆತ್ತಿ, ‘ನಾನೇ’ ಎಂದರು. ಅವರು ಹಾಗೆಯೇ ಬರೆದರು. ರಾತ್ರಿ ಫೋನಿನಲ್ಲಿ ಅಣ್ಣ ತಲೆ ಚಚ್ಚಿಕೊಂಡ. ‘ಅವತ್ತೊಂದು ದಿನ ನೈಟಿಯಲ್ಲಿ ಹೋಗಬಾರದಿತ್ತೇ?’ ಎಂದ. ನನಗೆ ಅವನ ಮೇಲೆ ಸಿಟ್ಟು ಬಂತು, ಮರುಕ್ಷಣವೇ ಅವನ ಸಂಕಟ ನೆನೆದು ಕರುಳು ಚುರುಕ್ಕೆಂದಿತು. ಎಂಬತ್ತರ ಹತ್ತಿರದ ಹೆಂಗಸಿಗೆ ಉಳಿದಿರುವುದು ತನ್ನ ಸೀರೆಯ ನೆರಿಗೆಯನ್ನು ತಾನೇ ಹಿಡಿಯುವ ಮರ್ಯಾದೆ. ಮಗನ ಮನೆಯ ಬಾಗಿಲು ತೆರೆಯಲು ಅದನ್ನೇ ಮೊದಲು ಕಳಚಿ ಮೇಜಿನ ಮೇಲಿಡಬೇಕು.

ನಾನು ಪತ್ರಕ್ಕೆ ಕೂತದ್ದು ಆಗ. ಅದೇ ವಾರ ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಗೋವಿನ ಹಾಡಿನ ರೂಪಕ ಮಾಡಿಸುತ್ತಿದ್ದೆ. ಕೊಟ್ಟ ಮಾತಿಗಾಗಿ ಪುಣ್ಯಕೋಟಿ ಕರುವನ್ನು ಬಿಟ್ಟು ಹುಲಿಯ ಬಳಿಗೆ ಹೊರಡುವ ಭಾಗ ಬಂದಾಗ, ಕರುವಿನ ಪಾತ್ರದ ಪುಟ್ಟ ಹುಡುಗಿ ಅಭ್ಯಾಸದಲ್ಲೇ ನಿಜವಾಗಿ ಅಳುತ್ತಿದ್ದಳು. ಒಂದು ದಿನ ಅವಳು ಕೇಳಿದಳು, ‘ಮಿಸ್, ಸತ್ಯ ಹೇಳಿದರೆ ಕರುವಿಗೆ ಅಮ್ಮ ಇಲ್ಲದ ಹಾಗೆ ಆಗುತ್ತದಲ್ಲ?’ ಹುಲಿ ಕರಗುತ್ತದೆ, ಕೊನೆಗೆ ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿದೆ. ಮನೆಗೆ ಬಂದು ಕಾಗದ ಹಿಡಿದರೆ ಅವಳ ಪ್ರಶ್ನೆಯೇ ಎದುರಿಗೆ ಕೂತಿತ್ತು.

ಮೊದಲ ರಾತ್ರಿ, ಯಾರೂ ಇಲ್ಲವೆಂದು ಬರೆದೆ. ಹರಿದೆ. ಎರಡನೆಯ ರಾತ್ರಿ, ಇದ್ದೇನೆ ಆದರೆ ಸಾಲದು ಎಂದು ಬರೆದೆ. ನನ್ನ ಇಂಗ್ಲಿಷಿನಲ್ಲಿ ಅದು ನನ್ನ ಕಷ್ಟಗಳ ಪಟ್ಟಿಯಂತೆ ಕಂಡಿತು. ನಾಚಿಕೆಯಾಗಿ ಅದನ್ನೂ ಹರಿದೆ. ಮೂರನೆಯ ರಾತ್ರಿ ಬರೆಯಲೇ ಇಲ್ಲ. ನಾಲ್ಕನೆಯ ರಾತ್ರಿ ಬರೆದದ್ದನ್ನು ಕಳಿಸಿದೆ. ನಾನು ಪ್ರತಿ ಶನಿವಾರ ಹೋಗುತ್ತೇನೆ. ಮಾತ್ರೆ, ಬಿಲ್ಲು ನೋಡುತ್ತೇನೆ. ರಾತ್ರಿ ಒಬ್ಬ ಕೆಲಸದ ಹುಡುಗಿ ಜೊತೆಗಿರುತ್ತಾಳೆ. ನನಗೆ ಶಾಲೆಯಿದೆ, ಸಂಸಾರವಿದೆ. ದೊಡ್ಡವ್ವ ಮಗನನ್ನು ಬಹಳ ನೆನೆಯುತ್ತಾರೆ. ಪ್ರತಿ ವಾಕ್ಯವೂ ನಿಜ. ಅಣ್ಣ ಓದಿ, ‘ಸರಿ’ ಎಂದಷ್ಟೇ ಹೇಳಿದ. ವಕೀಲರ ಗಡುವು ಮಾರನೆಯ ದಿನಕ್ಕಿತ್ತು.

2018ರ ಮಾರ್ಚಿನಲ್ಲಿ ಅರ್ಜಿ ತಿರಸ್ಕಾರವಾಗಿ ಬಂತು. ಅದರಲ್ಲಿ ನನ್ನ ಶನಿವಾರಗಳಿದ್ದವು. ತಂಗಿಯ ಮಗಳು ಹತ್ತಿರದಲ್ಲೇ ಇದ್ದು ನಿಯಮಿತವಾಗಿ ಬಂದು ಹೋಗುತ್ತಾರೆ, ರಾತ್ರಿ ಸಹಾಯಕಿ ಇದ್ದಾಳೆ, ಉಡುಪು ತಾವೇ ಧರಿಸುತ್ತಾರೆಂದು ವೈದ್ಯರು ಹೇಳಿದ್ದಾರೆ, ಆದ್ದರಿಂದ ಆರೈಕೆ ಲಭ್ಯವಿದೆ ಎಂದು ಬರೆದಿದ್ದರು. ನನ್ನ ಸತ್ಯಕ್ಕೆ ಯಾವ ಹುಲಿಯೂ ಕರಗಲಿಲ್ಲ.

ಅಣ್ಣ ಮೇಲ್ಮನವಿ ಹಾಕಿದ. ಆ ಕಾಗದಗಳನ್ನು ನೋಡಿದಾಗ ನನಗೆ ಹೊಸತಾಗಿ ಕಂಡದ್ದೊಂದಿದೆ. ದಾವೆ ಹೂಡಿದವರು ಅಣ್ಣನಲ್ಲ, ದೊಡ್ಡವ್ವ. ಬ್ರಿಟಿಷ್ ಸರಕಾರದ ವಿರುದ್ಧ ಕೊಡಗಿನ ಒಬ್ಬ ವಿಧವೆ! ಆದರೆ ಆ ನ್ಯಾಯಮಂಡಳಿಯ ಮುಂದೆ ನಿಲ್ಲಲು ಅವರು ಹೋಗುವಂತಿಲ್ಲ. ಹೋಗಬಹುದೇ ಎಂಬುದೇ ಅಲ್ಲಿಯ ಪ್ರಶ್ನೆ. ಅವರ ಕಾಲು, ಕಣ್ಣು, ತೋಳು, ಮನಸ್ಸು ಎಲ್ಲದರ ಬಗ್ಗೆ ಅವರಿಲ್ಲದ ಕೋಣೆಯಲ್ಲಿ, ಅವರಿಗೆ ತಿಳಿಯದ ಭಾಷೆಯಲ್ಲಿ ವಾದ ನಡೆಯುತ್ತದೆ. ವಾದಕ್ಕೆ ಆಧಾರ, ಕುಟುಂಬ ಜೀವನವನ್ನು ಗೌರವಿಸಬೇಕೆನ್ನುವ ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆ. ಆದರೆ ಬೆಳೆದ ಮಗ ಮತ್ತು ಮುದಿ ತಾಯಿಯ ನಡುವೆ ಇರುವುದು ಸಾಮಾನ್ಯ ಮಮತೆಗಿಂತ ಹೆಚ್ಚಿನ ಅವಲಂಬನೆ ಎಂದು ಮೊದಲು ತೋರಿಸಬೇಕು. ಸಾಮಾನ್ಯ ಮಮತೆ ಸಾಲದಂತೆ.

ನ್ಯಾಯ ಕೇಳಿಕೊಂಡು ಕೊಡಗಿನಿಂದ ಲಂಡನ್ನಿಗೆ ಹೋದ ಮೊದಲಿಗರು ನಾವಲ್ಲ. ಮಾಸ್ತಿಯವರ ಕಾದಂಬರಿಯಿಂದ ನಮಗೆಲ್ಲ ಪರಿಚಿತನಾದ ಚಿಕವೀರರಾಜೇಂದ್ರ 1834ರಲ್ಲಿ ರಾಜ್ಯ ಕಳೆದುಕೊಂಡು ಕಾಶಿಯಲ್ಲಿದ್ದವನು, 1852ರಲ್ಲಿ ಮಗಳು ಗೌರಮ್ಮನೊಂದಿಗೆ ಲಂಡನ್ನಿಗೆ ಹೋದ. ಕಂಪನಿಯ ಬಳಿ ಸಿಕ್ಕಿಬಿದ್ದ ತನ್ನ ಹಣಕ್ಕಾಗಿ ದಾವೆ ಹೂಡಿದ. ಆ ವರ್ಷವೇ ಗೌರಮ್ಮನಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. ಮಗಳನ್ನು ಬೇರೊಂದು ಇಂಗ್ಲಿಷ್ ಕುಟುಂಬದ ಪಾಲನೆಗೆ ಒಪ್ಪಿಸಲಾಯಿತು. 1859ರಲ್ಲಿ ತಂದೆ ಅಲ್ಲೇ ತೀರಿಕೊಂಡ. ಐದು ವರ್ಷ ಕಳೆದು ಮಗಳೂ ಹೋದಳು. ಆತ ಪ್ರಜೆಗಳಿಗೆ ಒಳ್ಳೆಯ ಅರಸನಾಗಿರಲಿಲ್ಲ ಎನ್ನುತ್ತಾರೆ, ಇರಬಹುದು. ಆದರೆ ಒಂದೇ ಊರಿನಲ್ಲಿದ್ದೂ ಮಗಳನ್ನು ಇಷ್ಟಬಂದಾಗ ನೋಡಲಾಗದ ಆ ತಂದೆಯ ನೆನಪು ನನಗೆ ಆ ದಿನಗಳಲ್ಲಿ ಪದೇ ಪದೇ ಬರುತ್ತಿತ್ತು. ಯಾರು ಯಾರ ಜೊತೆಗಿರಬೇಕೆಂಬುದನ್ನು ರಾಜ್ಯ ತೀರ್ಮಾನಿಸುವುದು ಹೊಸತೇನಲ್ಲ.

ಆ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. ಮಕ್ಕಂದೂರು, ಜೋಡುಪಾಲದ ಕಡೆ ಮನೆಗಳೇ ಮಣ್ಣುಪಾಲಾದವು. ನಮ್ಮ ಕಡೆ ಜೀವಹಾನಿಯಾಗಲಿಲ್ಲ. ಆದರೆ ಮರ ಬಿದ್ದು ಕರೆಂಟು, ಫೋನು ಎರಡೂ ಹೋಗಿ, ಮೂರು ದಿನ ನಾನೂ ದೊಡ್ಡವ್ವನ ಮನೆ ತಲುಪಲಿಲ್ಲ. ಅಣ್ಣ ಅಲ್ಲಿ ಟೀವಿಯಲ್ಲಿ ಕೆಂಪು ಮಣ್ಣು ಜಾರುವುದನ್ನು ನೋಡುತ್ತಾ ಕೂತಿದ್ದನಂತೆ. ‘ಈಗಲಾದರೂ ಅವರಿಗೆ ಅರ್ಥವಾಗಬಹುದು’ ಎಂದುಕೊಂಡನಂತೆ. ಒಂದು ಮಳೆಗಾಲ ಇಡೀ ವರ್ಷದ ಆರೈಕೆಗೆ ಪುರಾವೆಯಾಗದು ಎಂದರಂತೆ ಅವನ ವಕೀಲರು.

2019ರ ಫೆಬ್ರವರಿಯಲ್ಲಿ ಮೇಲ್ಮನವಿ ವಜಾ ಆಯಿತು. ತೀರ್ಪು ಒರಟಾಗಿರಲಿಲ್ಲ. ಮಗನ ಪ್ರೀತಿ ನಿಜವಾದದ್ದು ಎಂದು ಅದು ಒಪ್ಪಿತ್ತು. ಬಂದು ಹೋಗುತ್ತಾ, ಆಧುನಿಕ ಸಂಪರ್ಕ ಸಾಧನಗಳ ಮೂಲಕ ಸಂಬಂಧ ಮುಂದುವರಿಸಬಹುದು ಎಂದೂ ಹೇಳಿತ್ತು. ಅಣ್ಣ ನನ್ನೊಡನೆ ಸುಮಾರು ಒಂದು ವರ್ಷ ಮಾತು ಕಡಿಮೆ ಮಾಡಿದ. ಶನಿವಾರ ನಾನು ಫೋನ್ ಹಚ್ಚಿ ದೊಡ್ಡವ್ವನ ಕೈಗೆ ಕೊಟ್ಟು ಅಡಿಗೆಮನೆಗೆ ಹೋಗುತ್ತಿದ್ದೆ.

ನಾನು ಮಾಡಿದ್ದು ತಪ್ಪೇ? ಸುಳ್ಳು ಬರೆಯಬೇಕಿತ್ತೇ? ನನ್ನ ಗೆಳತಿಯರಲ್ಲಿ ಅರ್ಧ ಜನ, ‘ಯಾರಿಗೂ ಕೇಡಾಗದ ಒಂದು ಮಾತು, ಬರೆದರೆ ಏನಾಗುತ್ತಿತ್ತು?’ ಎಂದರು. ಉಳಿದವರು, ‘ಟೀಚರಾಗಿ ಹೇಗೆ ಬರೆಯುತ್ತೀ?’ ಎಂದರು. ನನಗೆ ಎರಡೂ ಸಮಾಧಾನ ಕೊಡಲಿಲ್ಲ. ಸುಳ್ಳು ಬರೆದಿದ್ದರೆ ಮುಂದೆ ನಿಜವಾಗಿಯೂ ಯಾರೂ ಇಲ್ಲದ ಮುದುಕಿಯ ಅರ್ಜಿಯನ್ನು ಅವರು ಇನ್ನಷ್ಟು ಅನುಮಾನದಿಂದ ನೋಡುತ್ತಿದ್ದರು. ಆದ್ದರಿಂದ ಅದು ಯಾರಿಗೂ ಕೇಡಿಲ್ಲದ ಸುಳ್ಳಲ್ಲ. ಆದರೆ ನಿಜ ಬರೆದೆ ಎಂದು ಬೀಗುವಂತೆಯೂ ಇಲ್ಲ. ನಾನು ಬರೆದದ್ದು ಅವರ ಪ್ರಶ್ನೆಗೆ ಉತ್ತರ. ಸ್ನಾನ, ಊಟ, ಬಟ್ಟೆ, ಮಾತ್ರೆ ಎಂದು ಅವರು ಆರೈಕೆಯನ್ನು ಕೆಲಸಗಳ ಪಟ್ಟಿ ಮಾಡಿ ಕೇಳಿದರು, ನಾನು ಪಟ್ಟಿಗೆ ಟಿಕ್ ಹಾಕಿದೆ. ರಾತ್ರಿ ಎಚ್ಚರವಾದಾಗ ಕೂಗಬೇಕೆನಿಸುವ ಹೆಸರು ಯಾವುದು ಎಂಬುದಕ್ಕೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಜಾಗವಿಲ್ಲವೆಂದು ನಾನೂ ಬಿಟ್ಟೆ.

ನಮ್ಮ ದೇಶದ ಕಾನೂನು ಬೇರೆಯೇ ದಿಕ್ಕಿನಲ್ಲಿ ನಿಂತು ಮಾತಾಡುತ್ತದೆ. ಹೆತ್ತವರ ಹಾಗೂ ಹಿರಿಯ ನಾಗರಿಕರ ಪಾಲನೆ ಪೋಷಣೆಗೆಂದು 2007ರಲ್ಲಿ ಬಂದ ಕಾಯಿದೆಯ ಪ್ರಕಾರ, ನೋಡಿಕೊಳ್ಳದ ಮಕ್ಕಳ ಮೇಲೆ ತಂದೆತಾಯಿ ಉಪವಿಭಾಗದ ನ್ಯಾಯಮಂಡಳಿಗೆ ದೂರು ಕೊಡಬಹುದು. ಹೊರದೇಶದಲ್ಲಿರುವ ಭಾರತೀಯ ಪೌರರಿಗೂ ಅದು ಅನ್ವಯಿಸುತ್ತದೆ. ಹೀಗೆ ಒಂದು ದೇಶ ‘ನೋಡಿಕೋ’ ಎನ್ನುತ್ತದೆ, ಇನ್ನೊಂದು ‘ಇಲ್ಲಿಗೆ ತರಬೇಡ’ ಎನ್ನುತ್ತದೆ. ಹಾಗಾದರೆ ಎಲ್ಲವನ್ನೂ ಬಿಟ್ಟು ಬರಬಹುದಲ್ಲ ಎನ್ನುತ್ತೀರಿ. ಅಣ್ಣನ ಹೆಂಡತಿಗೆ ಅಲ್ಲಿ ಕೆಲಸವಿತ್ತು, ಕಿರಿಯ ಮಗ ಇನ್ನೂ ಶಾಲೆಯಲ್ಲಿದ್ದ. ಅಡಕತ್ತರಿಗೆ ಸಿಕ್ಕ ಅಡಕೆ ಎಂದರೆ ಇದೇ.

ಬೇರೆ ದೇಶಗಳೂ ಬಾಗಿಲನ್ನು ಪೂರ್ತಿ ತೆರೆದಿಟ್ಟಿಲ್ಲ. ಆಸ್ಟ್ರೇಲಿಯಾದಲ್ಲಿ ಮಕ್ಕಳ ಪೈಕಿ ಅರ್ಧದಷ್ಟಾದರೂ ಅಲ್ಲಿ ನೆಲೆಸಿರಬೇಕೆಂಬ ಲೆಕ್ಕವಿದೆ. ದೊಡ್ಡ ಮೊತ್ತ ಕಟ್ಟಲಾಗದವರ ಸರದಿ ಬರುವುದು ದಶಕಗಳ ನಂತರ. ಕೆನಡಾದಲ್ಲಿ ತಂದೆತಾಯಿಯನ್ನು ಕರೆಸಿಕೊಳ್ಳುವ ಆಹ್ವಾನಕ್ಕೂ ಲಾಟರಿ ಎತ್ತಿದ್ದುಂಟು. ಅಮೆರಿಕದಲ್ಲಿ 21 ತುಂಬಿದ ಮಗ ಮಗಳು ತಂದೆತಾಯಿಯನ್ನು ಕರೆಸಿಕೊಳ್ಳಬಹುದು, ಆದರೆ ಮೊದಲು ಅಲ್ಲಿಯ ಪೌರರಾಗಬೇಕು. ನಮ್ಮವರು ಅದಕ್ಕಾಗಿ ಕಾಯುವಷ್ಟರಲ್ಲಿ ಇಲ್ಲಿ ಹೆತ್ತವರ ಕಾಲ ಮುಗಿದಿರುತ್ತದೆ.

ಆ ದೇಶಗಳಿಗೂ ಹೇಳಲು ಮಾತಿದೆ. ಮುದುಕರು ಹೆಚ್ಚಾದರೆ ಆಸ್ಪತ್ರೆಯ ಖರ್ಚು ಹೆಚ್ಚುತ್ತದೆ, ಅದನ್ನು ಅಲ್ಲಿಯ ತೆರಿಗೆದಾರ ಹೊರಬೇಕು. ಒಬ್ಬರಿಗೆ ಬಾಗಿಲು ತೆರೆದರೆ ಸಾವಿರ ಜನ ನಿಲ್ಲುತ್ತಾರೆ. ಇದನ್ನೆಲ್ಲ ಕೇಳಿ ನಾನು ತುಂಬಾ ದಿನ ಕುದಿದೆ. ದುಡಿಯುವ ಮಗ ಬೇಕು, ಅವನನ್ನು ಹೆತ್ತವಳು ಬೇಡ, ಇದು ಯಾವ ನ್ಯಾಯ ಎಂದು ಸ್ಟಾಫ್ ರೂಮಿನಲ್ಲಿ ಭಾಷಣವನ್ನೇ ಮಾಡಿದೆ. ಹಾಗೆ ಮಾತಾಡುತ್ತಿದ್ದಾಗಲೇ ಒಂದು ದಿನ ಬಾಯಿ ತಾನಾಗಿ ಕಟ್ಟಿತು. ಇಂಥ ಮಾತನ್ನು ನಾನು ಮೊದಲೇ ಕೇಳಿದ್ದೆ, ನಮ್ಮದೇ ಜಗಲಿಯಲ್ಲಿ.

ದೊಡ್ಡವ್ವನ ಅರ್ಜಿ ಸಿದ್ಧವಾಗುತ್ತಿದ್ದ ದಿನಗಳು. ರಾತ್ರಿ ಜೊತೆಗಿರುತ್ತಿದ್ದ ಆ ಅಸ್ಸಾಮಿನ ಹುಡುಗಿ ಗಂಡನನ್ನು ಕರೆದುಕೊಂಡು, ತೋಟ ನೋಡಿಕೊಳ್ಳುವ ನನ್ನ ತಮ್ಮನ ಬಳಿಗೆ ಬಂದಿದ್ದಳು. ಊರಿನಲ್ಲಿ ಅವಳ ತಾಯಿ ಒಬ್ಬಳೇ. ನದಿ ಏರಿದಾಗಲೆಲ್ಲ ಮನೆಗೆ ನೀರು. ತಾಯಿಯನ್ನು ಲೈನ್‌ಮನೆಗೆ ತಂದಿಟ್ಟುಕೊಳ್ಳುತ್ತೇನೆ ಎಂದು ಕೇಳಿದಳು. ನನ್ನ ತಮ್ಮ ಕೆಟ್ಟವನಲ್ಲ. ‘ಲೈನ್‌ಮನೆ ಇರುವುದು ಕೆಲಸ ಮಾಡುವವರಿಗೆ. ಇವತ್ತು ನಿನ್ನ ತಾಯಿ, ನಾಳೆ ಇನ್ನೊಬ್ಬನ ಅಪ್ಪ. ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಹೊರುವವರು ಯಾರು? ಅಲ್ಲಿಗೇ ದುಡ್ಡು ಕಳಿಸು, ಬೇಕಾದರೆ ನಾನು ಮುಂಗಡ ಕೊಡುತ್ತೇನೆ’ ಎಂದ. ನಾನು ಅಲ್ಲೇ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಹುಡುಗಿ ನನ್ನ ಕಡೆ ಒಮ್ಮೆ ನೋಡಿದಳು. ನಾನು ಲೋಟ ಕೆಳಗಿಟ್ಟೆ, ಅಷ್ಟೆ. ಅವಳಿಗೆ ಮೇಲ್ಮನವಿಯೂ ಇರಲಿಲ್ಲ.

ಅಂದು ರಾತ್ರಿಯೂ ಅವಳು ದೊಡ್ಡವ್ವನ ಪಕ್ಕದಲ್ಲಿ ಮಲಗಲು ಬಂದಳು. ದೊಡ್ಡವ್ವನಿಗೆ ಆರೈಕೆ ಸಿಗುತ್ತಿದೆ ಎಂದು ನಾನು ಬರೆದ ಪತ್ರದಲ್ಲಿ ಅವಳೂ ಒಂದು ಸಾಲು. ಆ ಸಾಲನ್ನು ಅವಳ ತಾಯಿಯ ಕಡೆಯಿಂದ ಓದಿದರೆ ಹೇಗೆ ಕಾಣುತ್ತದೆ? ನಾಡಿನ ಗಡಿಗೂ ತೋಟದ ಬೇಲಿಗೂ ವ್ಯತ್ಯಾಸ ಇಲ್ಲವೆನ್ನಲಾರೆ. ಆದರೆ ಕೈ ಬೇಕು, ಆ ಕೈಯನ್ನು ಹಿಡಿದು ನಡೆಸಿದವಳು ಬೇಡ ಎಂಬ ಲೆಕ್ಕ ಎರಡೂ ಕಡೆ ಒಂದೇ. ನ್ಯಾಯವನ್ನು ನಾವು ಮೇಲಿನವರಿಂದ ಕೇಳುವಾಗ ಎಷ್ಟು ಚೆನ್ನಾಗಿ ಮಾತಾಡುತ್ತೇವೆ! ಕೆಳಗಿನವರು ನಮ್ಮಿಂದ ಕೇಳುವಾಗ ನಮಗೆ ಖರ್ಚಿನ ನೆನಪಾಗುತ್ತದೆ. 2019ರ ಕೊನೆಯಲ್ಲಿ ಆ ದಂಪತಿ ಬೇರೆ ತೋಟಕ್ಕೆ ಹೋದರು. ಅವಳ ತಾಯಿ ಏನಾದಳೆಂದು ನನಗೆ ತಿಳಿಯದು. ಕೇಳಬೇಕೆಂದು ಹೊಳೆಯುವಷ್ಟರಲ್ಲಿ ಕೇಳಲು ಅವಳು ಇಲ್ಲಿರಲಿಲ್ಲ.

ಇಷ್ಟೆಲ್ಲದರ ನಡುವೆ ದೊಡ್ಡವ್ವನನ್ನು ಯಾರಾದರೂ ಕೇಳಿದ್ದೆವೇ? ಕೇಳಿರಲಿಲ್ಲ. ಮಗ ನಿರ್ಧರಿಸಿದ, ನಾನು ಪತ್ರ ಬರೆದೆ, ವಕೀಲರು ವಾದಿಸಿದರು, ನ್ಯಾಯಾಧೀಶರು ತೀರ್ಪಿತ್ತರು. 2009ರಲ್ಲಿ ಆರು ತಿಂಗಳ ವೀಸಾದಲ್ಲಿ ದೊಡ್ಡಪ್ಪನೊಂದಿಗೆ ಹೋಗಿದ್ದವರು ನಾಲ್ಕನೆಯ ತಿಂಗಳಲ್ಲೇ ಹಿಂತಿರುಗಿದ್ದರು. ಕಾಚಂಪುಳಿಯ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಕೊಂಡುಹೋಗಿದ್ದೊಂದೇ ಅವರು ಆ ಪ್ರವಾಸದ ಬಗ್ಗೆ ನಗುತ್ತಾ ಹೇಳುತ್ತಿದ್ದ ಕತೆ. ಹಾಗಾಗಿ ತೀರ್ಪು ಬಂದ ಮೇಲೆ, ಅವರಿಗೆ ಒಳಗೊಳಗೇ ಸಮಾಧಾನವೇ ಆಗಿರಬಹುದೆಂದು ಭಾವಿಸಿ, ‘ಹೋಗಲಿ ಬಿಡಿ, ನಿಮಗೂ ಅಲ್ಲಿ ಹಿಡಿಸುತ್ತಿರಲಿಲ್ಲ’ ಎಂದೆ. ಒಲೆಯ ಬೂದಿ ಕೆದಕುತ್ತಿದ್ದ ಅವರು ತಿರುಗಿ ನೋಡಿದರು. ‘ಹೋಗುತ್ತಿದ್ದೆನೋ ಇಲ್ಲವೋ ನನಗೂ ಗೊತ್ತಿಲ್ಲ. ಆದರೆ ಬರುವುದಿಲ್ಲ ಎನ್ನುವುದು ನನ್ನ ಬಾಯಿಂದ ಬರಬೇಕಾದ ಮಾತಲ್ಲವೇ? ಬರಬೇಡ ಎಂದು ಅವರೇ ಹೇಳಿಬಿಟ್ಟರು’ ಎಂದರು.

ಬಡತನಕ್ಕಿಂತ, ಒಂಟಿತನಕ್ಕಿಂತ, ಕೇಳದೇ ಹೋದದ್ದು ಅವರನ್ನು ಹೆಚ್ಚು ನೋಯಿಸಿತ್ತು. ಆ ಮಾತಿನ ಮುಂದೆ ನಾನೂ ಅಣ್ಣನೂ ಆ ನ್ಯಾಯಾಧೀಶರೂ ಒಂದೇ ಸಾಲಿನಲ್ಲಿ ನಿಂತಂತಾಯಿತು.

ಕೊರೋನಾ ಬಂದ 2020 ಮತ್ತು 2021ರಲ್ಲಿ ಅಣ್ಣ ಬರಲಾಗಲಿಲ್ಲ. ಆಮೇಲೆ ವರ್ಷಕ್ಕೆರಡು ಸಲ ಬಂದ. ನಮ್ಮ ನಡುವಿನ ಬಿಗುವೂ ಸಡಿಲಿತು. 2023ರ ಜನವರಿಯಲ್ಲಿ, ಕಾಫಿ ಕೊಯ್ಲಿನ ಸಮಯದಲ್ಲಿ ದೊಡ್ಡವ್ವ ಹೋದರು. ಜೊತೆಯಲ್ಲಿ ಇದ್ದದ್ದು ನಾನು. ಕೊನೆಯ ರಾತ್ರಿ ನೀರು ಕುಡಿಸುವಾಗ ಅವರು ನನ್ನ ಕೈ ಹಿಡಿದುಕೊಂಡು ಕರೆದದ್ದು ಅಣ್ಣನ ಹೆಸರನ್ನು. ನಾನು ‘ಓ’ ಎಂದೆ. ಅದು ಸುಳ್ಳೇ ಆಗಿದ್ದರೆ, ಅದನ್ನು ಹೇಳಲು ನನಗೆ ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ.

ಮಾದ ಮುಗಿದ ಮೇಲೆ ಅಣ್ಣನಿಗೆ ಅದನ್ನು ಹೇಳಿದೆ. ಅವನು ಬಹಳ ಹೊತ್ತು ತೋಟದ ಕಡೆ ನೋಡುತ್ತಾ ಕೂತಿದ್ದು, ‘ನಿನ್ನ ಪತ್ರದಲ್ಲಿ ಇದೊಂದು ಇರಲಿಲ್ಲ’ ಎಂದ. ದೂರುವ ದನಿಯಾಗಿರಲಿಲ್ಲ.

ಇರಲಿಲ್ಲ, ನಿಜ. ಇಂದು ಅದೇ ಪತ್ರ ಬರೆಯಬೇಕಾಗಿ ಬಂದರೂ ಯಾರೂ ಇಲ್ಲವೆಂದು ಬರೆಯಲಾರೆ. ನನ್ನ ಶನಿವಾರಗಳನ್ನೂ ಆ ಹುಡುಗಿಯ ರಾತ್ರಿಗಳನ್ನೂ ಮುಚ್ಚಿಡಲಾರೆ. ಆದರೆ ಅಲ್ಲಿಗೆ ನಿಲ್ಲಿಸುವುದಿಲ್ಲ. ನಾನಿದ್ದೇನೆ, ಆದರೆ ನಾನು ಮಗನಲ್ಲ. ಜೊತೆಗೆ ಮಲಗುವವಳಿಗೂ ದೂರದಲ್ಲಿ ಒಬ್ಬ ತಾಯಿಯಿದ್ದಾಳೆ. ಇವರು ಬರುತ್ತಾರೋ ಇಲ್ಲವೋ ಎಂದು ಮೊದಲು ಇವರನ್ನೇ ಕೇಳಿ. ಈ ಮೂರು ಸಾಲುಗಳನ್ನು ಸೇರಿಸುತ್ತೇನೆ. ಅದರಿಂದ ತೀರ್ಪು ಬದಲಾಗುತ್ತಿರಲಿಲ್ಲ, ನನಗೆ ಗೊತ್ತು. ಆದರೂ ಪತ್ರ ಪೂರ್ತಿಯಾಗುತ್ತಿತ್ತು.

ನನ್ನ ಮಗಳು ಈಗ ಬೆಂಗಳೂರಿನಲ್ಲಿದ್ದಾಳೆ. ಹೊರಗೆ ಹೋಗುವ ಮಾತಾಡುತ್ತಿದ್ದಾಳೆ. ಹೋಗಲಿ, ನಾನು ತಡೆಯುವವಳಲ್ಲ. ಒಂದನ್ನು ಮಾತ್ರ ಅವಳಿಗೆ ಹೇಳಿಟ್ಟಿದ್ದೇನೆ. ಮುಂದೊಂದು ದಿನ ನನಗಾಗಿ ಯಾವುದಾದರೂ ಫಾರಂ ತುಂಬುವುದಾದರೆ, ಮೊದಲು ನನಗೆ ಓದಿ ಹೇಳು. ಮತ್ತೆ, ಡಾಕ್ಟರ ಬಳಿಗೆ ಹೋಗುವ ದಿನ ಸೀರೆ ನಾನೇ ಉಡುತ್ತೇನೆ.